ಗಿರಾಕಿಯ ಏಳು ಗಂಟು

ಮಾರ್ಚ್ 3, ಸೋಮವಾರ

ಅರ್ಧ ದಿನ ರಜೆ ಹಾಕಿ ಗಿರಾಕಿಯನ್ನು ಪ್ರಾಣಿಗಳ ಡಾಕ್ಟರಿಗೆ ತೋರಿಸಿದೆ. ಅಪ್ಪನೂ ಬಂದರು. ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ದಾರಿಯುದ್ದಕ್ಕೂ ಅದರ ಜೊತೆ ಮಾತಾಡುತ್ತಲೇ ಇದ್ದರು.

ಚೀಟಿ ಬರೆಯುವಾಗ ಡಾಕ್ಟರಮ್ಮ ಬೆಕ್ಕಿನ ಹೆಸರು ಕೇಳಿದರು. "ಗಿರಾಕಿ" ಎಂದೆ. "ಇದ್ಯಾವ ಹೆಸರು ರೀ!" ಎಂದು ನಕ್ಕರು. ಹದಿನಾರು ವರ್ಷದ ಹಿಂದೆ ಒಂದು ಬೆಳಿಗ್ಗೆ ಅಪ್ಪ ತಮ್ಮ ಕಟಿಂಗ್ ಶಾಪಿನ ಬಾಗಿಲು ತೆಗೆದ ಕೂಡಲೇ ಈ ಬೂದು ಮರಿ ಒಳಗೆ ನುಗ್ಗಿ ಖಾಲಿ ಕುರ್ಚಿಯ ಮೇಲೆ ಕೂತಿತಂತೆ. ಅಪ್ಪ "ಬೋಣಿ ಗಿರಾಕಿ ಬಂದ" ಎಂದು ಬಟ್ಟೆ ಹೊದಿಸಿದರಂತೆ. ಇದನ್ನೆಲ್ಲ ಅಲ್ಲಿ ಹೇಳುವ ಅಗತ್ಯ ಕಾಣಲಿಲ್ಲ. "ಅಪ್ಪ ಇಟ್ಟಿದ್ದು. ಅವರಿಗೊಂದು ವ್ಯವಹಾರ ಇತ್ತು" ಎಂದೆ. ಅಪ್ಪ ಗೋಡೆಯ ಮೇಲಿನ ನಾಯಿಗಳ ಚಿತ್ರ ನೋಡುತ್ತಿದ್ದರು.

ಸೊಂಟದಲ್ಲೂ ಹಿಂಗಾಲಿನ ಮಂಡಿಗಳಲ್ಲೂ ಸಂಧಿವಾತ. ಮೈ ಬಗ್ಗಿಸಿ ನೆಕ್ಕಿಕೊಳ್ಳಲು ಆಗದೆ ಕೂದಲೆಲ್ಲ ಗಂಟುಗಂಟಾಗಿದೆ. "ಪ್ರತಿ ಹೆಜ್ಜೆಗೂ ಈ ಗಂಟು ಚರ್ಮ ಜಗ್ಗುತ್ತೆ. ಕೀಲು ನೋವಿನ ಮೇಲೆ ಇದೊಂದು" ಎಂದರು ಡಾಕ್ಟರಮ್ಮ. ಮಂಪರು ಕೊಟ್ಟು ಬೋಳಿಸಿದರೆ ಹತ್ತು ನಿಮಿಷದ ಕೆಲಸ. ಆದರೆ ಮೂತ್ರಪಿಂಡ ಸೋತಿದೆ. "ಮಂಪರಿಂದ ಎದ್ದೇಳುತ್ತೆ ಅಂತ ನಾನು ಮಾತು ಕೊಡಲ್ಲ. ನಾಲ್ಕು ವಾರ ನೋಡೋಣ. ಕೈಯಲ್ಲೇ ಬಿಡಿಸೋಕಾದ್ರೆ ಬಿಡಿಸಿ. ಆಗ್ಲಿಲ್ಲ ಅಂದ್ರೆ ಬೇರೆ ದಾರಿ ಇಲ್ಲ."

ನಾಲ್ಕು ವಾರ ಧಾರಾಳವಾಯಿತು ಎಂದೆ. ಜಂಬವಲ್ಲ. ಹತ್ತೊಂಬತ್ತು ವರ್ಷದಿಂದ ಮ್ಯೂಸಿಯಂನಲ್ಲಿ ಹಳೆಯ ಬಟ್ಟೆಗಳ ಎಳೆ ಬಿಡಿಸಿ, ಗಂಟು ಸಡಿಲಿಸಿ ಜೀವನ ನಡೆಸುತ್ತಿರುವವಳು ನಾನು.

ವಾಪಸು ಬರುವಾಗ ಅಪ್ಪ, "ನಾನೇ ಬಾಚಬೇಕಿತ್ತು" ಎಂದರು. ಅಂಗಡಿಯ ಕರಾರು ಮುಗಿದು ಅವರು ನನ್ನ ಮನೆಗೆ ಬಂದು ಐದು ತಿಂಗಳಾಯಿತು. ಚಳಿಯಲ್ಲಿ ಬಾಚುವುದನ್ನು ಮರೆತಿರಬೇಕು. ಅವರ ಕೂದಲೂ ಕುತ್ತಿಗೆ ಮುಚ್ಚಿದೆ. ಕತ್ತರಿಸಿಕೊಳ್ಳಿ ಎಂದರೆ "ಇನ್ನೊಬ್ಬನ ಕುರ್ಚಿ ಮೇಲೆ ಕೂರೋದಾ?" ಎನ್ನುತ್ತಾರೆ.

ಮಾರ್ಚ್ 4, ಮಂಗಳವಾರ

ಯಾವ ವಸ್ತುವನ್ನೂ ಮುಟ್ಟುವ ಮೊದಲು ಅದರ ಸ್ಥಿತಿಯನ್ನು ಬರೆದಿಡುವುದು ನಮ್ಮ ವಿಭಾಗದ ಪದ್ಧತಿ. ಬರೆದೆ. ಬೆಕ್ಕು, ಗಂಡು, ಬೂದು ಬಿಳಿ ಮಿಶ್ರ, ತೂಕ ಮೂರು ಕಿಲೋ ಎಂಟುನೂರು ಗ್ರಾಂ. ಗಂಟುಗಳು ಏಳು: ಸೊಂಟದ ಎಡಕ್ಕೆ ಎರಡು, ಬಲಕ್ಕೆ ಒಂದು, ಬಾಲದ ಬುಡ, ಎರಡು ತೊಡೆಯ ಹಿಂದೆ ಒಂದೊಂದು, ಎಡ ಮುಂಗಾಲಿನ ಕಂಕುಳು. ಕೊನೆಯದು ಕೆಟ್ಟದ್ದು, ಗೋಲಿಯಷ್ಟು ಗಟ್ಟಿ. ಚಿತ್ರ ಬರೆದು ನಂಬರ್ ಹಾಕಿದೆ. ಅಪ್ಪ ಇಣುಕಿ ನೋಡಿ, "ರೈಲ್ವೆ ಸ್ಟೇಷನ್ನುಗಳ ಹಾಗಿದೆ" ಎಂದರು.

ಸಂಜೆ ಕೆಲಸ ಶುರು. ಮೇಜಿನ ಮೇಲೆ ಬಿಳಿ ಬಟ್ಟೆ, ಎರಡು ದೀಪ, ತಲೆಗೆ ಕಟ್ಟಿಕೊಳ್ಳುವ ಭೂತಗನ್ನಡಿ, ಮೊಂಡು ಸೂಜಿ, ಅಗಲ ಹಲ್ಲಿನ ಬಾಚಣಿಗೆ. ಎಳೆಯುವುದಿಲ್ಲ, ಬುಡವನ್ನು ಬೆರಳಲ್ಲಿ ಆಧರಿಸಿ ತುದಿಯಿಂದ ಬಿಡಿಸುತ್ತಾ ಬರುವುದು. ಎಲ್ಲ ಸರಿಯಾಗಿತ್ತು.

ನಲವತ್ತು ಸೆಕೆಂಡು. ಹೆಬ್ಬೆರಳಿಗೆ ಪಟ್ಟಿ.

ಮಾರ್ಚ್ 6, ಗುರುವಾರ

ಗಿರಾಕಿ ಬಟ್ಟೆ ಒಗೆಯುವ ಮೆಷಿನ್ನಿನ ಹಿಂದೆ ಬಿಡಾರ ಹೂಡಿದೆ. ನಾನು ಕೋಣೆಗೆ ಬಂದರೆ ಸಾಕು, ಕಿವಿ ಮಲಗುತ್ತದೆ.

ಉಳಿದ ಕೆಲಸಗಳೆಲ್ಲ ಚೆನ್ನಾಗಿ ನಡೆದಿವೆ. ಮರಳಿನ ಟ್ರೇಯ ಒಂದು ಬದಿಯನ್ನು ತಗ್ಗಾಗಿ ಕತ್ತರಿಸಿದೆ, ಈಗ ಕಾಲೆತ್ತದೆ ಒಳಗೆ ಹೋಗಬಹುದು. ಕಿಟಕಿಯ ಕೆಳಗೆ ಎರಡು ಮಣೆಗಳನ್ನು ಮೆಟ್ಟಿಲಿನಂತೆ ಜೋಡಿಸಿ ರತ್ನಗಂಬಳಿಯ ತುಂಡು ಹೊಲಿದೆ. ಜಾರುವ ನೆಲದ ಮೇಲೆ ಚಾಪೆ. ನೋವಿನ ಔಷಧಿ ದಿನಕ್ಕೊಮ್ಮೆ, ಊಟದ ಜೊತೆ. ಎರಡು ಕಡೆ ನೀರು. ಮನೆ ಈಗ ಬೆಕ್ಕಿಗೆ ಹೇಳಿ ಮಾಡಿಸಿದಂತಿದೆ. ಬೆಕ್ಕಿಗೆ ಮಾತ್ರ ನಾನು ಆಗುತ್ತಿಲ್ಲ.

ತಪ್ಪು ಎಲ್ಲಿ? ಕೈಯ ವಾಸನೆಯೇ? ಸೋಪು ಬದಲಾಯಿಸಿ ನೋಡುತ್ತೇನೆ.

ಮಾರ್ಚ್ 9, ಭಾನುವಾರ

ಸೋಪಲ್ಲ.

ಇವತ್ತು ಅಪ್ಪ ಪಕ್ಕದಲ್ಲಿ ಕೂತು ನೋಡಿದರು. ನಾನು ಸೂಜಿ ಹಿಡಿದು ಬಾಗಿದೆ. ಗಿರಾಕಿ ಗುರ್ ಎಂದಿತು.

"ನೀನು ಉಸಿರೇ ಆಡ್ತಿಲ್ಲವಲ್ಲೇ" ಎಂದರು ಅಪ್ಪ.

ನಿಜ. ಆಡುತ್ತಿರಲಿಲ್ಲ. ಹಳೆಯ ರೇಷ್ಮೆಯ ಮೇಲೆ ಬಾಗಿದಾಗ ಬಾಯಿ ಮುಚ್ಚಿರಬೇಕು. ಎಂಜಲಿನ ಒಂದು ಹನಿ ಸಿಡಿದರೂ ಕಲೆ. ಎಳೆ ಬಿಡಿಸುವ ಗಳಿಗೆಯಲ್ಲಿ ಉಸಿರನ್ನೂ ಹಿಡಿಯುತ್ತೇವೆ. ಕಲಿಯುವಾಗ ಬೈಸಿಕೊಂಡು ಕಲಿತದ್ದು, ಈಗ ಗೊತ್ತೇ ಆಗುವುದಿಲ್ಲ.

"ಕಣ್ಣು ನೆಟ್ಟು, ಉಸಿರು ಬಿಗಿಹಿಡಿದು, ಸದ್ದಿಲ್ಲದೆ ಹತ್ತಿರ ಬರೋದು ಯಾರು? ಇವನು ಇಲಿ ಹಿಡಿಯುವಾಗ ಹಾಗೇ ಇರ್ತಿದ್ದ. ಈಗ ನೀನು ಇವನನ್ನ ಹಿಡಿಯೋಕೆ ಬಂದಿದ್ದೀಯ ಅಂದ್ಕೊಂಡಿದ್ದಾನೆ."

ನಗು ಬಂತು. ಆಮೇಲೆ ಸ್ವಲ್ಪ ಅವಮಾನವೂ ಆಯಿತು.

"ಕತ್ತಿ ಹಿಡಿದವನು ಮಾತಾಡ್ತಾ ಇರ್ಬೇಕು ಕಣಮ್ಮ. ಕುತ್ತಿಗೆ ಕೊಟ್ಟು ಕೂತವನಿಗೆ ನಿನ್ನ ಕೈ ಎಲ್ಲಿದೆ ಅಂತ ಕಾಣಲ್ಲ. ಮಾತು ಕೇಳಿದ್ರೆ ಧೈರ್ಯ. ಹವಾ ಹೇಗಿದೆ, ಮಗಳು ಪಾಸಾದ್ಳಾ, ಏನಾದ್ರೂ ಸರಿ. ನಾನೇನು ವಾಚಾಳಿ ಅಂದ್ಕೊಂಡಿದ್ದೆಯಾ? ಅದು ನನ್ನ ಅರ್ಧ ಕೆಲಸ."

ವಾಚಾಳಿ ಎಂದೇ ಅಂದುಕೊಂಡಿದ್ದೆ. ನಲವತ್ತಾರು ವರ್ಷ.

ಮಾರ್ಚ್ 10, ಸೋಮವಾರ

ಹೊಸ ಏರ್ಪಾಡು: ಮಾತು ಅಪ್ಪನದು, ಕೈ ನನ್ನದು. ಭೂತಗನ್ನಡಿ ರದ್ದು. ಮೇಜು ರದ್ದು, ನೆಲದ ಮೇಲೆ ಕಂಬಳಿ. ಮೊದಲು ಹತ್ತು ನಿಮಿಷ ಸೊಂಟಕ್ಕೆ ಬಿಸಿನೀರಿನ ಚೀಲ.

ಅಪ್ಪ ಪೆಟ್ಟಿಗೆಯಿಂದ ಅಂಗಡಿಯ ಹೊದಿಕೆ ಬಟ್ಟೆ ತೆಗೆದು ಫಟ್ ಎಂದು ಒಮ್ಮೆ ಕೊಡವಿದರು. ಮೆಷಿನ್ನಿನ ಹಿಂದಿನಿಂದ ಗಿರಾಕಿ ತಾನೇ ನಡೆದು ಬಂತು! ಕುಂಟುತ್ತಾ, ಅವಸರವಿಲ್ಲದೆ, ತನ್ನ ಸರದಿ ಬಂತು ಎನ್ನುವ ಗತ್ತಿನಲ್ಲಿ. ಅಂಗಡಿಯಲ್ಲಿ ಕೊನೆಯ ಗಿರಾಕಿ ಎದ್ದ ಮೇಲೆ ದಿನಾ ಇದರ ಸರದಿ ಇರುತ್ತಿತ್ತಂತೆ.

ಗಂಟಿಗೆ ಕಾರ್ನ್‌ಫ್ಲೋರ್ ಉದುರಿಸಿ ಬೆರಳಲ್ಲಿ ತೀಡಿದೆ. ಒಣ ಪುಡಿ ಎಳೆಗಳ ನಡುವೆ ಹೊಕ್ಕು ಜಿಡ್ಡು ಬಿಡಿಸುತ್ತದೆ. ಡಾಕ್ಟರಮ್ಮ ಹೇಳಿಕೊಟ್ಟದ್ದು. ಅಪ್ಪ ಯಾರೋ ಟೈಲರನ ಬೋಳುತಲೆಯ ಕಥೆ ಹೇಳುತ್ತಿದ್ದರು. ನಂಬರ್ ಮೂರು ಬಿಟ್ಟಿತು.

ಮಾರ್ಚ್ 12, ಬುಧವಾರ

ನಂಬರ್ ಒಂದೂ ಬಿಟ್ಟಿತು. ಉಗುರನ್ನೂ ಕತ್ತರಿಸಿದೆ. ಒಂದು ಉಗುರು ಸುತ್ತಿಕೊಂಡು ಅಂಗಾಲಿಗೆ ತಾಗುವುದರಲ್ಲಿತ್ತು, ಸರಿಯಾದ ಸಮಯಕ್ಕೆ ನೋಡಿದೆ. ಹೀಗೇ ಹೋದರೆ ಒಂದು ವಾರ ಮೊದಲೇ ಮುಗಿಯುತ್ತದೆ. ಅಪ್ಪನ ಹತ್ತಿರ ಹಾಗೇ ಹೇಳಿದೆ.

ಮಾರ್ಚ್ 13, ಗುರುವಾರ

ಮ್ಯೂಸಿಯಂನಿಂದ ಬಂದಾಗ ಬಾಗಿಲ ಬಳಿಯೇ ಅಪ್ಪ ನಿಂತಿದ್ದರು. ಕೈಯಲ್ಲಿ ಒದ್ದೆ ಹತ್ತಿ.

ನನಗೊಂದು ಕೆಲಸ ಕಡಿಮೆಯಾಗಲಿ ಎಂದು ಬಾಲದ ಬುಡದ ಗಂಟನ್ನು ತಾವೇ ಕತ್ತರಿಸಲು ಹೋಗಿದ್ದಾರೆ. ಬೆಕ್ಕಿನ ಚರ್ಮ ಕಾಗದದಷ್ಟು ತೆಳು, ಗಂಟಿನ ಜೊತೆ ಎದ್ದು ಬರುತ್ತದೆ. ಕತ್ತರಿ ಚರ್ಮಕ್ಕೆ ತಗುಲಿದೆ. ಅಕ್ಕಿಕಾಳಿನಷ್ಟು ಉದ್ದದ ಗಾಯ. ಡಾಕ್ಟರಮ್ಮ ಫೋನಿನಲ್ಲಿ, ಹೊಲಿಗೆ ಬೇಡ, ತೊಳೆದು ಮುಲಾಮು ಹಚ್ಚಿ, ನಾಲ್ಕು ದಿನ ಆ ಕಡೆ ಮುಟ್ಟಬೇಡಿ ಎಂದರು.

"ಕತ್ತರಿ ತಗೊಳ್ಳಿ ಅಂತ ಯಾರು ಹೇಳಿದ್ದು ನಿಮಗೆ?" ಎಂದೆ. ಜೋರಾಗಿಯೇ ಎಂದೆ. ಅವರು ಹತ್ತಿಯನ್ನು ಕಸದ ಬುಟ್ಟಿಗೆ ಹಾಕಿ ಒಳಗೆ ಹೋದರು. ಊಟದಲ್ಲೂ ಮಾತಿಲ್ಲ. ಮನೆ ಇಷ್ಟು ನಿಶ್ಶಬ್ದವಾಗಿದ್ದು ಈ ಐದು ತಿಂಗಳಲ್ಲಿ ಇದೇ ಮೊದಲು.

ನಾನು ಹೇಳಿದ್ದು ತಪ್ಪೇ? ಗಾಯವಂತೂ ಸುಳ್ಳಲ್ಲ. ಆದರೆ ಕೇಳಿದ ರೀತಿ, ಮ್ಯೂಸಿಯಂಗೆ ಬಂದವರು ಗಾಜಿನ ಪೆಟ್ಟಿಗೆ ಮುಟ್ಟಿದಾಗ ಕೇಳುವ ರೀತಿ.

ಮಾರ್ಚ್ 15, ಶನಿವಾರ

ಬೆಳಿಗ್ಗೆ ಅಡುಗೆಮನೆಯಲ್ಲಿ ಚಹಾ ಸೋಸುತ್ತಿದ್ದೆ. ನಡುಮನೆಯಲ್ಲಿ ಅಪ್ಪ ಗಿರಾಕಿಯ ಜೊತೆ ಮಾತಾಡುತ್ತಿದ್ದರು. ನನಗೆ ಕೇಳಲಿ ಎಂದೋ, ಕೇಳುವುದಿಲ್ಲ ಎಂದೋ, ಗೊತ್ತಿಲ್ಲ.

"ಕೋಪ ಮಾಡ್ಕೋಬೇಡಪ್ಪ. ನೀನೊಬ್ಬನೇ ಅಲ್ಲ. ಆ ಮೇಷ್ಟ್ರ ಕಿವಿ ನೆನಪಿದೆಯಾ? ನೀನು ಬಾಗಿಲಲ್ಲೇ ಕೂತಿದ್ದೆ. ಇಪ್ಪತ್ತು ವರ್ಷದ ಗಿರಾಕಿ. ಕತ್ತರಿ ಮುಚ್ಚೋಕೆ ಹೋದ್ರೆ ಬೆರಳು ಮುಚ್ಚಲಿಲ್ಲ, ಮುಚ್ಚಿದಾಗ ಕಿವಿ ಮಧ್ಯೆ ಇತ್ತು. ಪುಣ್ಯಾತ್ಮ ಏನೂ ಅನ್ನಲಿಲ್ಲ. 'ಪರವಾಗಿಲ್ಲ, ಇನ್ನೊಂದಿದೆ' ಅಂದ. ಅವತ್ತೇ ಬಾಗಿಲು ಹಾಕಿದೆ. ಮಗಳಿಗೆ ಹೇಳಿದ್ದು ಕರಾರು ಮುಗೀತು ಅಂತ."

ಚಹಾ ಲೋಟದಿಂದ ಹೊರಗೆ ಹರಿಯುತ್ತಿತ್ತು.

ಹೊರಗೆ ಬಂದು ಅವರ ಕೈ ನೋಡಿದೆ. ಬೆರಳ ಗೆಣ್ಣುಗಳು ಊದಿವೆ, ಬಲಗೈ ಹೆಬ್ಬೆರಳು ಒಳಕ್ಕೆ ತಿರುಗಿದೆ. ಗಿರಾಕಿಯ ಏಳು ಗಂಟಿಗೂ ನಂಬರ್ ಹಾಕಿದವಳು ನಾನು. ದಿನಾ ಎದುರಿಗೆ ಕೂತು ಊಟ ಮಾಡುವವರ ಕೈ ನೋಡಿರಲಿಲ್ಲ.

"ಬಾಚೋದು ಮರೆತಿದ್ದಲ್ಲ, ಅಲ್ವಾ?" ಎಂದೆ.

"ಬಾಚಣಿಗೆ ನಿಲ್ತಿರಲಿಲ್ಲ" ಎಂದರು.

ಸೋಮವಾರಕ್ಕೆ ಮೂಳೆ ಡಾಕ್ಟರ ಸಮಯ ತೆಗೆದುಕೊಂಡೆ. ಇವರಿಗೆ.

ಮಾರ್ಚ್ 18, ಮಂಗಳವಾರ

ಅಪ್ಪನಿಗೆ ಮಾತ್ರೆ, ಮೇಣದ ಬಿಸಿ ಶಾಖ, ಬೆರಳಿನ ವ್ಯಾಯಾಮ. ಬಿಸಿನೀರಿನ ಚೀಲ ಒಂದೇ ಇತ್ತು, ಇನ್ನೊಂದು ತಂದೆ. "ಇವನಿಗೆ ಸೊಂಟ, ನನಗೆ ಕೈ. ಇಬ್ಬರನ್ನೂ ಒಂದೇ ಬುಟ್ಟಿಯಲ್ಲಿ ಕೂರಿಸಿ ಕರ್ಕೊಂಡು ಹೋಗು" ಎನ್ನುತ್ತಾರೆ.

ಗಾಯ ಒಣಗಿದೆ. ಕೆಲಸ ಮತ್ತೆ ಶುರು ಮಾಡಿದೆವು. ಈ ಸಲ ಗಿರಾಕಿ ಹೆದರಿತು. ಅಪ್ಪ ಎಡಕ್ಕೆ ಕೂತು ಮಾತಾಡಿದರೆ ಅದು ಎಡಕ್ಕೆ ನೋಡುತ್ತದೆ, ನನ್ನ ಕೈ ಬಲದಿಂದ ಬಂದರೆ ಬೆಚ್ಚುತ್ತದೆ. ಮೂರು ಸಲ ಹೀಗಾಯಿತು.

"ಮಾತು ಒಂದು ಕಡೆ, ಕೈ ಒಂದು ಕಡೆ ಆದ್ರೆ ಆಗಲ್ಲ. ಇನ್ನು ನೀನೇ ಮಾತಾಡು" ಎಂದರು ಅಪ್ಪ.

"ನನಗೆ ಬರಲ್ಲ."

"ಬೆಕ್ಕಿನ ಹತ್ರ ಏನೇ ಮಾತಾಡಿದ್ರೂ ತಪ್ಪಾಗಲ್ಲ. ಪರೀಕ್ಷೆ ಇಡಲ್ಲ ಅದು."

ಮಾರ್ಚ್ 20, ಗುರುವಾರ

ಏನು ಮಾತಾಡುವುದು? ಸ್ಥಿತಿ ವರದಿಯನ್ನೇ ಓದಿದೆ. "ಬೆಕ್ಕು, ಗಂಡು, ಬೂದು ಬಿಳಿ ಮಿಶ್ರ." ಅಪ್ಪ ಪತ್ರಿಕೆಯ ಹಿಂದಿನಿಂದ, "ಕೋರ್ಟಲ್ಲಿ ಕೂಗ್ತಾರಲ್ಲ, ಹಾಗಿದೆ. ಅವನೇನು ಕಳ್ಳನಾ?" ಎಂದರು. ನಕ್ಕೆ. ನಕ್ಕಾಗ ಉಸಿರು ಹೊರಗೆ ಬಂದಿರಬೇಕು, ಗಿರಾಕಿ ಕಾಲು ಚಾಚಿತು. ನಂಬರ್ ಎರಡರಲ್ಲಿ ಅರ್ಧ.

ಐದು ನಿಮಿಷಕ್ಕೆ ನಿಲ್ಲಿಸಿದೆ. ಅದು ಸಾಕು ಎನ್ನುವ ಮೊದಲೇ ನಾವು ಸಾಕು ಎನ್ನಬೇಕಂತೆ. ಇದೂ ಅಂಗಡಿಯ ಪಾಠ.

ಮಾರ್ಚ್ 23, ಭಾನುವಾರ

ಎರಡು ಮತ್ತು ನಾಲ್ಕು ಮುಗಿದವು. ಹೇಗೆ ಎಂದು ಬರೆದಿಡಬೇಕು.

ನಾಲ್ಕನೆಯದು ಬಾಲದ ಬುಡದ್ದು, ಗಾಯವಾಗಿದ್ದ ಜಾಗ. ತುಂಬಾ ಹೊತ್ತು ಮಾತು ಬೇಕಿತ್ತು. ವರದಿ ಮುಗಿಯಿತು, ಮ್ಯೂಸಿಯಂ ಸುದ್ದಿ ಮುಗಿಯಿತು, ಹವಾಮಾನ ಮುಗಿಯಿತು. ಬಾಯಿಗೆ ಬಂದದ್ದು ಇಂಗ್ಲಿಷ್ ಶಾಲೆಯ ಆರನೇ ಕ್ಲಾಸು. "ಗೊತ್ತಾ ಗಿರಾಕಿ, ಟೀಚರ್ ಎಲ್ಲರನ್ನೂ ಎಬ್ಬಿಸಿ ನಿಮ್ಮಪ್ಪ ಏನು ಮಾಡ್ತಾರೆ ಅಂತ ಕೇಳಿದ್ರು. ಒಬ್ಬಳು ಬ್ಯಾಂಕು ಅಂದ್ಳು, ಒಬ್ಬಳು ವಕೀಲರು ಅಂದ್ಳು. ನಾನು ಟೋಪಿ ಅಂಗಡಿ ಅಂದೆ. ತಲೆಗೆ ಸಂಬಂಧಪಟ್ಟದ್ದು ತಾನೇ, ಪೂರ್ತಿ ಸುಳ್ಳಲ್ಲ ಅಂತ ಸಮಾಧಾನ ಮಾಡ್ಕೊಂಡೆ."

ಹೇಳಿದ ಮೇಲೆ ಅಪ್ಪ ಪಕ್ಕದಲ್ಲೇ ಇದ್ದಾರೆ ಎಂಬುದು ನೆನಪಾಯಿತು. ಕೈ ನಿಲ್ಲಿಸಲಿಲ್ಲ. ನಿಲ್ಲಿಸಿದ್ದರೆ ಗಂಟು ಜಗ್ಗುತ್ತಿತ್ತು.

ಪತ್ರಿಕೆಯ ಪುಟ ತಿರುಗಿತು. "ಗೊತ್ತು" ಎಂದರು ಅಪ್ಪ. "ನಿನ್ನ ಕ್ಲಾಸಿನ ಹುಡುಗಿಯ ಅಪ್ಪ ಅಂಗಡಿಗೆ ಬಂದು 'ಒಂದು ಹ್ಯಾಟ್ ತೋರಿಸಿ' ಅಂದಿದ್ರು."

"ನೀವೇನಂದ್ರಿ?"

"'ಹೊಸ ಸ್ಟಾಕ್ ಬಂದಿಲ್ಲ ಸಾರ್, ಅಷ್ಟರಲ್ಲಿ ತಲೆ ತಯಾರು ಮಾಡಿಟ್ಕೊಳ್ಳಿ' ಅಂತ ಕೂರಿಸಿ ಕಟಿಂಗ್ ಮಾಡಿ ಕಳಿಸಿದೆ. ಆಮೇಲೆ ಹದಿನೈದು ವರ್ಷ ನನ್ನ ಗಿರಾಕಿ. ಸಾಯೋವರೆಗೂ ಬಾಗಿಲಲ್ಲಿ ನಿಂತು 'ಸ್ಟಾಕ್ ಬಂತಾ?' ಅಂತ ಕೇಳ್ತಿದ್ರು."

ಮೂವತ್ತೈದು ವರ್ಷ ಅವರು ಇದನ್ನು ಹೇಳಿರಲಿಲ್ಲ. ವಾಚಾಳಿಯಂತೆ.

ಗಂಟು ಇಡಿಯಾಗಿ ಕೈಗೆ ಬಂತು. ಒಂದು ಕೂದಲೂ ಜಗ್ಗಲಿಲ್ಲ.

ಮಾರ್ಚ್ 26, ಬುಧವಾರ

ಮ್ಯೂಸಿಯಂನಲ್ಲಿ ನಮ್ಮ ವಿಭಾಗದ ಮುಖ್ಯಸ್ಥೆ ಮೇಡಂ ಹಿಂದೆ ಬಂದು ನಿಂತು, "ಯಾರ ಹತ್ರ ಮಾತಾಡ್ತಿದ್ದೀರಿ?" ಎಂದರು. ಎದುರಿಗೆ ಇದ್ದದ್ದು ನೂರೈವತ್ತು ವರ್ಷದ ಒಂದು ಪರದೆ. ಅದಕ್ಕೆ ಐದನೇ ಗಂಟಿನ ಕಥೆ ಹೇಳುತ್ತಿದ್ದೆ. ಹತ್ತೊಂಬತ್ತು ವರ್ಷದ ಶಿಸ್ತು ಹೋಯಿತು. ನಾಳೆಯಿಂದ ಮಾಸ್ಕ್ ಹಾಕಿಕೊಳ್ಳಬೇಕು.

ಐದು, ಆರು ಮುಗಿದಿವೆ.

ಮಾರ್ಚ್ 29, ಶನಿವಾರ

ಏಳನೆಯದು ಅರ್ಧ. ಕಂಕುಳಾದ್ದರಿಂದ ಕಾಲು ಎತ್ತಿಸಬೇಕು, ಎತ್ತಿದರೆ ಭುಜ ನೋಯುತ್ತದೆ. ಇವತ್ತು ಎರಡು ನಿಮಿಷಕ್ಕೇ ಎದ್ದು ಹೋಯಿತು. ಸೋಮವಾರ ಡಾಕ್ಟರು.

ಈ ಪುಸ್ತಕದಲ್ಲಿ ಈಚೆಗೆ ಹೆಚ್ಚು ಬರೆಯುವುದೇ ಆಗುತ್ತಿಲ್ಲ. ಕೆಲಸ ಜಾಸ್ತಿ ಇರಬೇಕು.

ಮಾರ್ಚ್ 31, ಸೋಮವಾರ

ಡಾಕ್ಟರಮ್ಮ ಮೈಯೆಲ್ಲ ತಡವಿ ನೋಡಿ "ಭೇಷ್" ಎಂದರು. ಕಂಕುಳಿಗೆ ಕೈ ಹಾಕಿದ ಕೂಡಲೇ ಮುಖ ಬದಲಾಯಿತು. ಅಡಿಯ ಚರ್ಮ ಕೆಂಪಾಗಿದೆಯಂತೆ, ಹೀಗೇ ಬಿಟ್ಟರೆ ಹುಣ್ಣಾಗುತ್ತದಂತೆ. "ಇದೊಂದಕ್ಕೆ ಸಣ್ಣ ಪ್ರಮಾಣದಲ್ಲಿ ಮಂಪರು ಕೊಡ್ಲೇಬೇಕು. ಇವತ್ತೇ ಮಾಡಿಬಿಡೋಣ" ಎಂದು ಸಹಾಯಕಿಯನ್ನು ಕರೆದರು.

"ಐದು ನಿಮಿಷ ಕೊಡಿ" ಎಂದೆ.

"ಇಲ್ಲೇನಾ? ಈ ಮೇಜಿನ ಮೇಲಾ? ಇಲ್ಲಿ ಯಾವ ಬೆಕ್ಕೂ ಮೈ ಸಡಿಲ ಬಿಡಲ್ಲ ರೀ."

"ಐದೇ ನಿಮಿಷ. ಆಗ್ಲಿಲ್ಲ ಅಂದ್ರೆ ನೀವು ಹೇಳಿದ ಹಾಗೆ."

ಅಪ್ಪ ಆಗಲೇ ಚೀಲದಿಂದ ಹೊದಿಕೆ ಬಟ್ಟೆ ತೆಗೆದಿದ್ದರು. ಎರಡು ಕೈಯಲ್ಲೂ ಅಂಚು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಫಟ್! ಸಹಾಯಕಿ ಬೆಚ್ಚಿದಳು. ಗಿರಾಕಿ ಬೆಚ್ಚಲಿಲ್ಲ. ಸ್ಟೀಲ್ ಮೇಜಿನ ಮೇಲೆ ಹಾಸಿದ ಬಟ್ಟೆಗೆ ಬಂದು ಕೂತಿತು.

ಕಾಲನ್ನು ಬೇಕಾದಷ್ಟೇ ಎತ್ತಿ, ಗಂಟಿಗೂ ಚರ್ಮಕ್ಕೂ ನಡುವೆ ಬೆರಳಿಟ್ಟೆ. ಮಾತು ತಾನಾಗಿ ಬಂತು. ಏನೇನು ಹೇಳಿದೆನೋ ಎಲ್ಲ ನೆನಪಿಲ್ಲ. "ಅವತ್ತು ಬೆಳಿಗ್ಗೆ ನಮ್ಮಪ್ಪ ಕಟಿಂಗ್ ಶಾಪಿನ ಬಾಗಿಲು ತೆಗೆದರೋ ಇಲ್ಲವೋ, ನೀನು ನುಗ್ಗಿದೆ. ಮುಷ್ಟಿಯಷ್ಟಿದ್ದೆ. ನೇರ ಕುರ್ಚಿಗೇ ಹಾರಿದೆ. ನಮ್ಮಪ್ಪ ಬಟ್ಟೆ ಹೊದಿಸಿ, 'ಏನ್ ಸಾರ್, ಕಟಿಂಗಾ, ಶೇವಿಂಗಾ?' ಅಂದ್ರು." ಹೀಗೇ ಏನೋ. ಅಪ್ಪ ಮಧ್ಯೆ ಬಾಯಿ ಹಾಕಿ, "ಮುಷ್ಟಿಯಷ್ಟಿರಲಿಲ್ಲ, ದಪ್ಪನೇ ಇದ್ದ" ಎಂದರು. "ನೀವು ಸುಮ್ನಿರಿ, ಮಾತು ಒಂದೇ ಕಡೆಯಿಂದ ಬರ್ಬೇಕು" ಎಂದೆ.

ನಾಲ್ಕು ನಿಮಿಷ ಹಿಡಿಯಿತು. ಗೋಲಿಯಂಥ ಗಂಟನ್ನು ಡಾಕ್ಟರಮ್ಮನ ಅಂಗೈ ಮೇಲಿಟ್ಟೆ. ಅವರು ಅದನ್ನು ನೋಡಿ, ಬೆಕ್ಕನ್ನು ನೋಡಿ, ಆಮೇಲೆ ಅಪ್ಪನನ್ನು ನೋಡಿ, "ಓಹೋ, ಅದಕ್ಕೇ ಗಿರಾಕಿ!" ಎಂದರು. ಅಷ್ಟು ದಿನ ಗೊತ್ತಿರಲಿಲ್ಲವೇ ಅವರಿಗೆ? ಮೊದಲ ದಿನವೇ ಕೇಳಿದ್ದರಲ್ಲ.

ತೂಕ ನಾಲ್ಕು ಕಿಲೋ. ಇನ್ನೂರು ಗ್ರಾಂ ಹೆಚ್ಚು. ಔಷಧಿ ಮುಂದುವರಿಯಬೇಕು. ಕೀಲು ವಾಸಿಯಾಗುವುದಿಲ್ಲ, ಅದು ಗೊತ್ತಿದ್ದದ್ದೇ. ಆದರೆ ಮಂಪರಿನ ಮಾತು ಇನ್ನಿಲ್ಲ. ಮನೆಗೆ ಬಂದು ಗಿರಾಕಿ ಎರಡು ಮಣೆ ಹತ್ತಿ ಕಿಟಕಿಯಲ್ಲಿ ಕೂತು, ಎಡ ಮುಂಗಾಲನ್ನು ಚಾಚಿ ತಾನೇ ನೆಕ್ಕಿಕೊಂಡಿತು.

ಏಪ್ರಿಲ್ 6, ಭಾನುವಾರ

ಗಿರಾಕಿಗೆ ಬಾಚಿದೆ. ಐದು ನಿಮಿಷ. ಬಟ್ಟೆ ಕೊಡವಿ ಮಡಿಸುವಷ್ಟರಲ್ಲಿ ಅಪ್ಪ ಕುರ್ಚಿ ಎಳೆದುಕೊಂಡು ನನ್ನ ಎದುರಿಗೆ ಬೆನ್ನು ತಿರುಗಿಸಿ ಕೂತರು.

"ಏನು?" ಎಂದೆ.

"ಇವನು ಎದ್ದ ಮೇಲೆ ಯಾರೂ ಇಲ್ವಲ್ಲ ಸರದಿಯಲ್ಲಿ" ಎಂದರು.

ಬಟ್ಟೆ ಹೊದಿಸಿದೆ. ಮೊದಲು ಕೈಯ ಹಿಂಬದಿಯನ್ನು ಕುತ್ತಿಗೆಗೆ ಸೋಕಿಸಿದೆ, ಆಮೇಲೆ ಬಾಚಣಿಗೆ, ಆಮೇಲೆ ಕತ್ತರಿ. ಅವರದೇ ಕತ್ತರಿ. ಮುಕ್ಕಾಲು ಗಂಟೆ ಹಿಡಿಯಿತು. ಏನು ಮಾತಾಡಿದೆವು ಎಂದು ಬರೆಯುವುದಕ್ಕೆ ಈಗ ಹೊತ್ತಿಲ್ಲ, ಅಪ್ಪ ಊಟಕ್ಕೆ ಕರೆಯುತ್ತಿದ್ದಾರೆ.

ಕೊನೆಗೆ ಕೈಗನ್ನಡಿಯನ್ನು ತಲೆಯ ಹಿಂದೆ ಹಿಡಿದು ಎದುರಿನ ಕನ್ನಡಿಯಲ್ಲಿ ತೋರಿಸಿದೆ. ಅಪ್ಪ ಬಲಕ್ಕೆ ತಿರುಗಿ ನೋಡಿದರು, ಎಡಕ್ಕೆ ತಿರುಗಿ ನೋಡಿದರು.

"ಎಡಗಿವಿ ಹಿಂದೆ ಒಂದು ಎಳೆ ಉದ್ದ ಇದೆ."

ಇತ್ತು. ತೆಗೆದೆ.